ಮಿಲ್ಟ್ರಿ ಮಾವನ ವಿರುದ್ಧ ಅರ್ಜಿ

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಸುಲಭಕ್ಕೆ ಸಿಕ್ಕಿದ್ದಲ್ಲ, ಹಾಗಾಗಿ ಇಂದಿಗೂ ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಆ ಹೆಮ್ಮೆ ತಲೆಗೇರಿದ ಒಂದು ಸಂಜೆಯನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಬೂಕನಕೆರೆಗೆ ಹತ್ತಿರದ ನಮ್ಮೂರಲ್ಲಿ ಫುಟ್‌ಬಾಲ್ ತಂಡವೊಂದಿತ್ತು. ಸುತ್ತಲಿನ ಊರುಗಳೆಲ್ಲ ಕಬಡ್ಡಿ ಆಡುತ್ತಿದ್ದಾಗ ನಮಗೆ ಈ ಆಟ ಹಿಡಿಸಿದವರು ಸೈನ್ಯದಿಂದ ನಿವೃತ್ತರಾಗಿ ಬಂದ ಹಿರಿಯರೊಬ್ಬರು. ಊರಿಗೆಲ್ಲ ಅವರು ಮಿಲ್ಟ್ರಿ ಮಾವ. ಯಾರು ಆಡಬೇಕು, ಯಾರು ಕೂರಬೇಕು ಎಲ್ಲ ಅವರ ಮಾತೇ. ಪಂದ್ಯವಿದ್ದರೆ ಅರ್ಧ ಊರು ಟ್ರಾಕ್ಟರು ಹತ್ತುತ್ತಿತ್ತು. ಡ್ರೈವರ್ ಪಕ್ಕದ ಮಡ್‌ಗಾರ್ಡು ಮಾತ್ರ ಮಾವನದು. ಗೆಲ್ಲಲಿ, ಸೋಲಲಿ, ಅಲ್ಲಿ ಬೇರೆಯವರು ಕೂರುತ್ತಿರಲಿಲ್ಲ.

ಆ ವರ್ಷ ಹೋದಲ್ಲೆಲ್ಲ ಸೋತೆವು. ಹಳೆಯ ಗೋಲ್‌ಕೀಪರ್ ಮೊಣಕಾಲು ಕೆಡಿಸಿಕೊಂಡಿದ್ದ. ಮಾವ ನಿಲ್ಲಿಸಿದ್ದ ಹೊಸಬ ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದ. ಅವನನ್ನು ತೆಗೆಯಿರಿ ಎಂದರೆ, "ಇನ್ನೊಸಿ ದಿನ ತಡೀರ್ಲಾ" ಎನ್ನುತ್ತಿದ್ದರು.

ನಾನು ಆಗಷ್ಟೇ ಬಿ.ಎ. ಮುಗಿಸಿದ್ದೆ. ಚೆಂಡಿಗೆ ಗಾಳಿ ತುಂಬುವುದು ತಂಡದಲ್ಲಿ ನನ್ನ ಕೆಲಸ. ಸಲಹೆ ಕೊಡುವುದು ನಾನೇ ವಹಿಸಿಕೊಂಡದ್ದು. ಮಾವನನ್ನು ತಂಡದ ಉಸ್ತುವಾರಿಯಿಂದ ಬಿಡಿಸಬೇಕೆಂದು ಯುವಕ ಸಂಘಕ್ಕೊಂದು ಅರ್ಜಿ ಬರೆದು, ಕೆಲಸ ಹುಡುಕಿಕೊಂಡು ಅಲೆಯುತ್ತಿದ್ದ ಶ್ರೀರಂಗಪಟ್ಟಣದಲ್ಲಿ ಟೈಪ್ ಮಾಡಿಸಿದೆ. ಬರುವಾಗ ಇಂಕ್‌ಪ್ಯಾಡೂ ಕೊಂಡು ತಂದೆ. ನಮ್ಮೂರವರು ಹೆಬ್ಬೆಟ್ಟಿನವರು, ಓದಿದವನು ಮುಂದೆ ಹಿಡಿದರೆ ಒತ್ತುತ್ತಾರೆ ಎಂದುಕೊಂಡಿದ್ದೆ. ನಮ್ಮಪ್ಪನನ್ನೂ ಸೇರಿಸಿಯೇ.

ಸಂಜೆ ಡೇರಿಗೆ ಹಾಲು ಹಾಕಲು ಜನ ಸೇರಿದಾಗ ಅರ್ಜಿಯನ್ನು ಗಟ್ಟಿಯಾಗಿ ಓದಿದೆ. ಮಾವನೂ ಕ್ಯಾನು ಹಿಡಿದು ಸಾಲಿನಲ್ಲಿದ್ದರೆಂದು ಓದಿ ಮುಗಿದ ಮೇಲೆ ಗೊತ್ತಾಯಿತು.

"ಗೋಲು ಬುಡೋನು ಅವ್ನು, ಬೈಸ್ಕಳೋದು ಮಾವನೇನ್ಲಾ?" ಎಂದು ಒಬ್ಬ ನಕ್ಕ.

"ಬಿ.ಎ.ಲಿ ಇದ್ನೇನಪ್ಪಾ ಕಲ್ಸೋದು?" ಎಂದಳು ಚೊಂಬು ಹಿಡಿದಿದ್ದ ಅಜ್ಜಿಯೊಬ್ಬಳು.

ಆದರೂ ನಾನು ಇಂಕ್‌ಪ್ಯಾಡಿನ ಮುಚ್ಚಳ ತೆಗೆದು, ಸಾಲಿನಲ್ಲೇ ನಿಂತಿದ್ದ ಅಪ್ಪನ ಮುಂದೆ ಹಿಡಿದೆ.

"ನೀನು ಪಿಯುಸೀಲಿ ಡುಮ್ಕಿ ಹೊಡ್ದಾಗ ಮತ್ತೆ ಪರೀಕ್ಸೆ ಕಟ್ಟೋ ಅರ್ಜೀಗೆ ಒತ್ತಿವ್ನಿ. ಇನ್ನೊಂದ್ಸಲ ಹೊಡ್ದೆ, ಆಗ್ಲೂ ಒತ್ತಿವ್ನಿ. ಇವ್ನ ಓದು ಬುಡುಸ್ಬುಡು, ಹೊಲಕ್ಕಟ್ಟು ಅಂತ ಇಲ್ಲಿ ಒಬ್ರಾದ್ರೂ ಅಂದಿದ್ರಾ ಕೇಳು," ಎಂದ ಅಪ್ಪ. "ಇದ್ಕೆ ಒತ್ತಾಕಿಲ್ಲ ಕಣ್ಲಾ."

ಎರಡು ಸಲ ಫೇಲಾದದ್ದನ್ನು ನಾನು ಮರೆತಿರಲಿಲ್ಲ. ಊರು ಮರೆತಿದೆ ಎಂದುಕೊಂಡಿದ್ದೆ.

ಮಾವ ಅರ್ಜಿ ಇಸಿದುಕೊಂಡು ಇನ್ನೊಮ್ಮೆ ತಾವೇ ಓದಿದರು. "ಚೆಂದಾಗೇ ಬರ್ದಿದ್ದೀಯ" ಎಂದು ಮಡಿಸಿ ನನ್ನ ಜೇಬಿಗಿಟ್ಟರು. "ಭಾನ್ವಾರ ನಾಗಮಂಗ್ಲ. ಪಂಪು ತಗಂಡು ಬ್ಯಾಗ ಬಾ."

ಹೋದೆ. ಅಲ್ಲೂ ಸೋತೆವು. ಕೊನೆಯ ಚೆಂಡಿಗೆ ಆ ಹೊಸಬ ಕಣ್ಣು ಬಿಟ್ಟುಕೊಂಡೇ ಹಾರಿದ. ಚೆಂಡು ಬೆರಳಿಗೆ ತಾಗಿ ಒಳಗೆ ಹೋಯಿತು. ನಮ್ಮವರು ಗೆದ್ದವರ ಹಾಗೆ ಚಪ್ಪಾಳೆ ಹೊಡೆದರು.

ವಾಪಸು ಬರುವಾಗ ಮಾವ ಮಡ್‌ಗಾರ್ಡಿನ ಮೇಲಿದ್ದರು. ನಾನು ಟ್ರೈಲರಿನ ಮೂಲೆಯಲ್ಲಿ ಪಂಪು ತಬ್ಬಿಕೊಂಡು ನಿಂತಿದ್ದೆ. ಅವತ್ತು ಮುಚ್ಚಳ ತೆಗೆಯುವಾಗ ನನ್ನ ಹೆಬ್ಬೆರಳಿಗೇ ಮೆತ್ತಿದ್ದ ಶಾಯಿ ಇನ್ನೂ ಹೋಗಿರಲಿಲ್ಲ. ಯಾರಿಗೂ ಕಾಣದಂತೆ ಬೆರಳು ಮಡಿಸಿಕೊಂಡೆ.