ಮಾವ ಉಳಿಸಿದ ರಬ್ಬರು

ಸೋದರಮಾವ ಓಡಿಸಿ ಬಿಟ್ಟ ಹಳೇ ಕಾರನ್ನು ಮೊದಲಿನಂತೆ ಮಾಡಲು ಕೂತಿದ್ದೆ. ಯಶವಂತನಗರದ ಕೆಂಧೂಳು ಕುಡಿದು ಮುಂದಿನ ಗಾಜಿನ ಸುತ್ತಲ ರಬ್ಬರು ಕಲ್ಲಾಗಿ, ಗಾಜು ಬಿಚ್ಚಲು ಬರುತ್ತಿರಲಿಲ್ಲ.

"ಮಾವ, ಬ್ಲೇಡಿಲೆ ಕೊಯ್ದು ತೆಗಿಯೋಣ್ರಿ. ರಬ್ಬರು ಹೊಸಾದು ಸಿಗತೈತಿ, ಈ ಗಾಜು ಎಲ್ಲೂ ಸಿಗಂಗಿಲ್ಲ," ಅಂದೆ.

"ಕೊಯ್ಯಬ್ಯಾಡಲೇ, ಅದು ಅಸಲಿ ಮಾಲು. ನೀ ಹುಟ್ಟೋಕಿಂತ ಮೊದ್ಲಿಂದ ಐತಿ."

ಅವರಿಗೇ ಚಹಾ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಮಾವ ಸೀಟಿನ ಮೇಲೆ ಅಂಗಾತ ಮಲಗಿ, ಎರಡೂ ಕಾಲಿನಿಂದ ಗಾಜನ್ನು ಒಳಗಿನಿಂದ ಒದ್ದಿದ್ದರು. ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು.

"ರಬ್ಬರು ಉಳೀತು ನೋಡು," ಅಂದರು.

ಮೈಯೆಲ್ಲ ಉರಿದುಹೋಯಿತು. ಹಿರಿಯರನ್ನು ಬೈಯುವಂತಿಲ್ಲ. ಬ್ಲೇಡು ತಗೊಂಡು ಅವರ ಕಣ್ಣೆದುರೇ ಆ ಅಸಲಿ ಮಾಲನ್ನು ಗೇಣುಗೇಣಾಗಿ ಕೊಯ್ದೆ. ಒಂದೊಂದು ತುಂಡು ಬಿದ್ದಾಗಲೂ ಅವರ ಮುಖವನ್ನೇ ನೋಡಿದೆ.