ರೋಗದ ಹುಳುವಿನ ಫೋಟೊ

ಹುತ್ತೂರಿನ ಆ ಮನೆಯ ನಡುಮನೆಯಲ್ಲಿ ಕಿಟಕಿಗೆ ಒತ್ತಿಕೊಂಡಂತೆ ಒಂದು ಮೇಜಿದೆ. ಕಿಟಕಿಯಾಚೆ ಹಿಪ್ಪುನೇರಳೆ ತೋಟ. ಬೆಳಿಗ್ಗೆ ಒಂಬತ್ತಕ್ಕೆ ಆ ಮೇಜಿನ ಮುಂದೆ ಕೂತರೆ ಸೊಸೆ ರಜನಿ ಸಂಜೆ ಐದರವರೆಗೆ ಕಂಪನಿಯವರಿಗೆ ವೆಬ್‌ಸೈಟ್ ಕಟ್ಟುತ್ತಾಳೆ. ಐದಾದ ಮೇಲೆ ಅಲ್ಲೇ ಅವಳದ್ದೇ ಕೆಲಸ ಶುರುವಾಗುತ್ತದೆ. ಈ ಎರಡನೆಯದಕ್ಕೆ ಸಂಬಳವಿಲ್ಲವೆಂದು ಅತ್ತೆ ಆದಿಲಕ್ಷ್ಮಮ್ಮನಿಗೆ ತಿಳಿಯುವಷ್ಟರಲ್ಲಿ ಮದುವೆಯಾಗಿ ಆರು ತಿಂಗಳಾಗಿತ್ತು.

“ಸುಮ್ಮನೆ ಮಾಡ್ತೀಯಾ?” ಎಂದು ಕೇಳಿದ್ದಳು.

“ನೀವು ಸಾಯಂಕಾಲ ಹೂ ಕಟ್ಟಲ್ವಾ ಅತ್ತೆ, ಹಂಗೆ.”

“ಹೂವಾದ್ರೆ ದೇವರ ತಲೆ ಮೇಲಿರುತ್ತೆ. ನಿಂದು ಎಲ್ಲಿರುತ್ತೆ?”

“ಬ್ರೌಸರಲ್ಲಿ.”

ಅದೆಲ್ಲಿದೆಯೋ ಆದಿಲಕ್ಷ್ಮಮ್ಮನಿಗೆ ತಿಳಿಯಲಿಲ್ಲ. ಆದರೆ ಅದರಿಂದ ಆಗುವುದು ಕಾಣತೊಡಗಿತು. ಅರ್ಜಿ ತುಂಬುವ ಪುಟವೊಂದು ಹತ್ತೇ ನಿಮಿಷಕ್ಕೆ ಮುಚ್ಚಿಕೊಂಡು, ಬರೆದದ್ದನ್ನೆಲ್ಲ ನುಂಗಿಬಿಡುತ್ತಿತ್ತು. ರಜನಿ ಬ್ರೌಸರಿಗೆ ಏನನ್ನೋ ಜೋಡಿಸಿ, ಬರೆದದ್ದು ಉಳಿಯುವಂತೆ ಮಾಡಿದಳು. ಇನ್ನೊಂದು, ರೇಷ್ಮೆಗೂಡಿನ ಮಾರುಕಟ್ಟೆಯ ಧಾರಣೆಯನ್ನು ಓದಿ ಹೇಳುವಂಥದ್ದು, ಕನ್ನಡದಲ್ಲೂ ತೆಲುಗಿನಲ್ಲೂ. ಆಂಧ್ರದ ಗಡಿಯ ತಾಯಲೂರಿನಲ್ಲಿ ಬೆಳೆದ ರಜನಿಗೆ ಎರಡೂ ನಾಲಿಗೆಯ ಮೇಲಿನವೇ.

ಆಮೇಲೆ ರೇಷ್ಮೆಹುಳುವಿನ ಕೆಲಸಕ್ಕೆ ಕೈಹಾಕಿದಳು. ಹುಳು ಸಾಕುವ ಹುಳುಮನೆಯಲ್ಲಿ ನಿಂತು ಒಂದು ಫೋಟೊ ತೆಗೆದರೆ, ಹುಳು ಚೆನ್ನಾಗಿದೆಯೋ ರೋಗ ತಗುಲಿದೆಯೋ ಎಂದು ಎಐ ಹೇಳಬೇಕು. ಸಿಗ್ನಲ್ ಇಲ್ಲದಿದ್ದರೂ ಫೋನಿನ ಬ್ರೌಸರಿನೊಳಗೇ ಅದು ನಡೆಯಬೇಕು. ರೋಗ ಹರಡೀತೆಂದು ಹುಳುಮನೆಗೆ ಹೊರಗಿನವರನ್ನು ಯಾರೂ ಬಿಡುವುದಿಲ್ಲವಾದ್ದರಿಂದ ಊರಿನ ಹನ್ನೊಂದು ಮನೆಯ ಹೆಂಗಸರೇ ತಮ್ಮ ಹುಳುಗಳ ಚಿತ್ರ ತೆಗೆದು ಕಳಿಸಿದರು. ನಾಲ್ಕು ಸಾವಿರ ಚಿತ್ರ. ಅವನ್ನು ತೋರಿಸಿ ತೋರಿಸಿ ಅವಳು ಎಐಗೆ ಕಲಿಸಿದಳು.

“ನಿನ್ ಸೊಸೆ ಫೋನಿಗೆ ಸೊಪ್ಪು ಹಾಕಿ ಹುಳ ಸಾಕ್ತಾಳಂತೆ,” ಎಂದು ಪಕ್ಕದ ಮನೆಯ ಮುನಿಯಲ್ಲಮ್ಮ ನಕ್ಕಿದ್ದಳು. ಆದರೂ ಮೊದಲು ನಂಬಿದವಳು ಅವಳೇ. ಅವಳ ಹುಳುಗಳು ಕೊನೆಯ ಹಂತಕ್ಕೆ ಬಂದಿದ್ದವು. ಇನ್ನೈದಾರು ದಿನಕ್ಕೆ ಮಾಗಿ ಹಣ್ಣಾಗಿ ಗೂಡು ಕಟ್ಟಬೇಕು. ದಿನಾ ಫೋಟೊ ತೆಗೆದಳು. ದಿನಾ ಉತ್ತರ ಬಂತು: ಹುಳು ಚೆನ್ನಾಗಿವೆ.

ಮೂರನೆಯ ದಿನ ಏಕೋ ಮನಸ್ಸು ತಡೆಯದೆ ಆದಿಲಕ್ಷ್ಮಮ್ಮನನ್ನು ಕರೆದಳು. ಆದಿಲಕ್ಷ್ಮಮ್ಮ ಕೈಕಾಲು ತೊಳೆದು ಒಳಗೆ ಹೋದಳು. ಹುಳುಗಳು ಸೊಪ್ಪು ಬಿಟ್ಟು ಸ್ಟ್ಯಾಂಡಿನ ಅಂಚಿಗೆ ಹರಿಯುತ್ತಿದ್ದವು. ಮೈ ಊದಿ ಹೊಳೆಯುತ್ತಿತ್ತು. ಒಂದನ್ನು ಮುಟ್ಟಿದಳು, ಹಾಲಿನಂಥ ನೀರು ಬೆರಳಿಗೆ ಹತ್ತಿತು.

“ಹಾಲುತೊಂಡೆ ಕಣೇ ಯಲ್ಲಮ್ಮ,” ಎಂದಳು ಮೆಲ್ಲಗೆ. ಹತ್ತಿದರೆ ಬೆಳೆಗೆ ಬೆಳೆಯೇ ಹೋಗುವ ರೋಗ.

ಇಬ್ಬರೂ ರೋಗದವನ್ನು ಆರಿಸಿ ತೆಗೆದು ಹೂತು, ಮಿಕ್ಕವುಗಳ ಮೇಲೆ ಸುಣ್ಣದ ಪುಡಿ ಉದುರಿಸಿದರು. ಆದರೂ ಅರ್ಧ ಬೆಳೆ ಕೈಬಿಟ್ಟಿತು.

ರಜನಿ ಏನು ಮಾಡುತ್ತಾಳೋ ಎಂದು ಆದಿಲಕ್ಷ್ಮಮ್ಮ ಕಾದಿದ್ದಳು. ಅವಳು ಲ್ಯಾಪ್‌ಟಾಪ್ ಮುಚ್ಚಿ, ನೇರ ಮುನಿಯಲ್ಲಮ್ಮನ ಬಾಗಿಲಿಗೆ ಹೋಗಿ ನಿಂತಳು.

“ತಪ್ಪು ನಂದು ಅಕ್ಕ.”

“ಹೋಗ್ಲಿ ಬಿಡಮ್ಮ, ಫೋನಿಗೇನ್ ಗೊತ್ತಾಗುತ್ತೆ.”

“ಫೋನಿಂದಲ್ಲ. ನಾನು ಸರಿಯಾಗಿ ಕಲಿಸಿಲ್ಲ.”

ಅದೇ ದಿನ ಹುಳುವಿನ ಫೋಟೊ ಹಾಕುವ ಪುಟದಲ್ಲಿದ್ದದ್ದನ್ನೆಲ್ಲ ತೆಗೆದು ಒಂದೇ ಸಾಲು ಬರೆದಳು: ಇದು ತಪ್ಪು ಹೇಳಿದೆ, ಸರಿಯಾಗುವವರೆಗೆ ಬಳಸಬೇಡಿ. ಆಮೇಲೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಸಾವಿರ ಚಿತ್ರಗಳನ್ನು ಒಂದೊಂದಾಗಿ ಸರಿಸತೊಡಗಿದಳು. ಮುನ್ನೂರು ಮುಗಿಯುವಷ್ಟರಲ್ಲಿ ಆದಿಲಕ್ಷ್ಮಮ್ಮ ನಕ್ಕುಬಿಟ್ಟಳು.

“ಎಲ್ಲಾ ಚೆನ್ನಾಗಿರೋವೇ ಅಲ್ವೇನೇ. ರೋಗದ್ದು ಎಲ್ಲಿ?”

“ಯಾರೂ ಕಳಿಸಿಲ್ಲ. ರೋಗದ್ದೆಲ್ಲ ನೆಟ್ಟಿಂದ ತಗೊಂಡೆ, ಬೇರೆ ದೇಶದ್ದು, ನಮ್ಮ ಹುಳದ ಥರ ಇಲ್ಲ.”

“ರೋಗ ಬಂದಿದ್ದನ್ನ ಯಾರ್ ಕಳಿಸ್ತಾರೆ? ಗುಂಡಿ ತೋಡಿ ಹೂತುಬಿಡ್ತೀವಿ, ಬಾಯಲ್ಲೂ ಹೇಳಲ್ಲ. ಹೇಳಿದ್ರೆ ಆ ಮನೆ ಕೈ ಸರಿಯಿಲ್ಲ ಅಂತಾರೆ.”

ರಜನಿ ಮರುದಿನದಿಂದ ಕೆಲಸ ಮುಗಿಸಿ ಮನೆಮನೆಗೆ ಹೋದಳು. ರೋಗ ಕಂಡರೆ ಒಂದೇ ಒಂದು ಫೋಟೊ ಕೊಡಿ ಎಂದು ಕೇಳಿದಳು. ಎಲ್ಲರೂ ಕೂರಿಸಿ ಟೀ ಕೊಟ್ಟರು. “ನಮ್ಮನೇಲಿ ಅಂಥದ್ದೇನಿಲ್ಲ ಕಣಮ್ಮ,” ಎಂದರು. ಹನ್ನೊಂದು ಮನೆ, ಹನ್ನೊಂದು ಟೀ. ಅವಳು ಬೇಸರಪಟ್ಟಿದ್ದನ್ನು ಆದಿಲಕ್ಷ್ಮಮ್ಮ ಕಾಣಲಿಲ್ಲ. ಮುಂದಿನ ವಾರ ಮತ್ತೆ ಹೊರಟಿದ್ದನ್ನು ಕಂಡಳು. ಯಾರೂ ಫೋಟೊ ಕೊಡದಿದ್ದರೆ ಆ ಪುಟ ಮತ್ತೆಂದೂ ತೆರೆಯುವುದಿಲ್ಲವೆಂದು ಆದಿಲಕ್ಷ್ಮಮ್ಮನಿಗೂ ಗೊತ್ತಿತ್ತು.

ಮುಂದಿನ ಬೆಳೆಯಲ್ಲಿ, ಒಂದು ಬೆಳಿಗ್ಗೆ, ತನ್ನದೇ ಹುಳುಮನೆಯ ಮೂಲೆಯ ಸ್ಟ್ಯಾಂಡಿನಲ್ಲಿ ಆದಿಲಕ್ಷ್ಮಮ್ಮ ಊದಿದ ಹುಳು ಕಂಡಳು. ಒಂದಲ್ಲ, ಏಳೆಂಟು. ಅವಳ ಕೈ ತಾನಾಗಿ, ರೋಗದವನ್ನು ಹೂಳಲು ತುಂಬುವ ಬಕೆಟ್ಟಿನ ಕಡೆ ಹೋಯಿತು. ನಲವತ್ತು ವರ್ಷ ಹೂತು ರೂಢಿಯಾದ ಕೈ. ಹುತ್ತೂರಿನಲ್ಲಿ ಆದಿಲಕ್ಷ್ಮಮ್ಮನ ಹುಳುವಿಗೆ ರೋಗ ಬಂತೆಂದು ಇದುವರೆಗೆ ಯಾರೂ ಆಡಿಕೊಂಡಿರಲಿಲ್ಲ.

ಬಕೆಟ್ಟನ್ನು ಪಕ್ಕಕ್ಕಿಟ್ಟು, ಹಳೆಯ ಪೇಪರಿನ ಮೇಲೆ ಹುಳುಗಳನ್ನು ಸಾಲಾಗಿಟ್ಟು, ಬಾಗಿಲಿನ ಬೆಳಕಿಗೆ ಸರಿಸಿದಳು.

“ರಜನಿ, ಫೋನ್ ತಗೊಂಬಾ.”

ರಜನಿ ಬಂದು ನೋಡಿ, ಅತ್ತೆಯ ಮುಖ ನೋಡಿದಳು. “ಹೆಸರು ಹಾಕಲ್ಲ ಅತ್ತೆ. ಯಾರ ಮನೇದು ಅಂತ ಗೊತ್ತಾಗಲ್ಲ.”

“ಹಾಕು. ನಮ್ಮನೇದು ಅಂತ ಗೊತ್ತಾದ್ರೇನೇ ಬೇರೆಯವರೂ ಕೊಡೋದು.”

ರಜನಿ ಮಂಡಿಯೂರಿ ಕೂತು, ಒಂದೊಂದು ಹುಳುವಿಗೂ ಮೂರು ಮೂರು ಸಲ ಕ್ಲಿಕ್ ಮಾಡಿದಳು. ಅಷ್ಟರಲ್ಲಿ ಆದಿಲಕ್ಷ್ಮಮ್ಮ ಕಾಂಪೌಂಡಿನ ಬಳಿ ಹೋಗಿ, ಬೀದಿಗೆಲ್ಲ ಕೇಳುವ ಹಾಗೆ ಮುನಿಯಲ್ಲಮ್ಮನಿಗೆ ವಿಷಯ ಹೇಳಿಯೂ ಆಗಿತ್ತು.

ಹನ್ನೊಂದು ಗಂಟೆಗೆ ರಜನಿಯ ಫೋನಿಗೆ ಮುನಿಯಲ್ಲಮ್ಮನ ಮನೆಯಿಂದ ಒಂದು ಚಿತ್ರ ಬಂತು. ಅರ್ಧಕ್ಕರ್ಧ ಹೆಬ್ಬೆರಳೇ ತುಂಬಿತ್ತು. ಮಿಕ್ಕ ಅರ್ಧದಲ್ಲಿ, ಊದಿದ ಮೈಯ ಒಂದು ಹುಳು. ರಜನಿ ಅದನ್ನೂ ಸೇರಿಸಿಕೊಂಡಳು.