ಉಸಿರು ಬಂತು, ಈಗ ಮುಟ್ಟು

ತೆರಕಣಾಂಬಿ ಹತ್ತಿರದ ಸಣ್ಣ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಟೀಚರಾಗಿದ್ದಾಗ ನಮಗೆ ಎರಡು ಕಂಪ್ಯೂಟರ್ ಬಂದವು. ಕಲಿಸುವವರು ಬರಲಿಲ್ಲ. ವಾರದ ತರಬೇತಿಯಲ್ಲಿ ನಾನು ಬರೆದುಕೊಂಡಿದ್ದನ್ನೇ ಏಳನೇ ತರಗತಿಯ ಹುಡುಗಿಯೊಬ್ಬಳಿಗೆ ಹೇಳಿಕೊಟ್ಟೆ. ಪಾತ್ರೆಗೆ ಕಲಾಯಿ ಹಾಕುವವರ ಮಗಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಅಪ್ಪಟ ನಮ್ಮ ಕಡೆಯ ಕನ್ನಡ. ಹದಿನೈದು ದಿನಕ್ಕೆ ನನ್ನನ್ನೇ ತಿದ್ದತೊಡಗಿದಳು. ಆಗ ಒಂದು ಕಟ್ಟಳೆ ಮಾಡಿದೆ: ಕಲಿತವರು ತಮಗಿಂತ ಚಿಕ್ಕವರೊಬ್ಬರಿಗೆ ಕಲಿಸಬೇಕು.

ಅವಳು ಕಲಿಸುತ್ತಿದ್ದ ರೀತಿಯೇ ಬೇರೆ. ಸ್ವಿಚ್ ಹಾಕಿ ಪೆಟ್ಟಿಗೆಗೆ ಕಿವಿಯಿಡುವಳು. ಒಳಗಿನ ಫ್ಯಾನು ತಿರುಗಿದ ಮೇಲೆ, "ಉಸ್ರು ಬಂತು ಕಣಮ್ಮಿ, ಈಗ ಮುಟ್ಟು" ಅನ್ನುವಳು. ಉಬ್ಬಸವಿದ್ದ ಹುಡುಗಿ. ಮಾತಿನ ನಡುವೆ ಸುಯ್ ಎಂದು ಉಸಿರೆಳೆದುಕೊಳ್ಳುತ್ತಿದ್ದಳು.

ದಸರಾ ರಜೆಯಲ್ಲಿ ಉಬ್ಬಸ ಹೆಚ್ಚಾಗಿ ತೀರಿಕೊಂಡಳು.

ಶಾಲೆ ತೆರೆದಾಗ ಮಕ್ಕಳು ಕಂಪ್ಯೂಟರ್ ಕೋಣೆಗೆ ಹೋಗಲು ಹೆದರುತ್ತಾರೆ ಅಂದುಕೊಂಡಿದ್ದೆ. ಹೆದರಲಿಲ್ಲ. ಒಬ್ಬರಿಗೊಬ್ಬರು ಕಲಿಸುತ್ತಲೇ ಹೋದರು. ಎರಡು ವರ್ಷದ ಮೇಲೆ ಹರವೆ ಕಡೆಯಿಂದ ಬಂದು ಮೂರನೇ ತರಗತಿಗೆ ಸೇರಿದ ಒಬ್ಬ ಪುಟ್ಟ ಹುಡುಗಿ ಪೆಟ್ಟಿಗೆಗೆ ಕಿವಿಯಿಟ್ಟು, "ಉಸ್ರು ಬಂತು ಕಣಮ್ಮಿ" ಅಂದಳು. ನಡುವೆ ಅದೇ ಸುಯ್.

ತೀರಿಕೊಂಡವಳನ್ನು ಇವಳು ನೋಡಿಯೇ ಇರಲಿಲ್ಲ.

"ಹಾಗ್ಯಾಕೆ ಉಸಿರೆಳೀತೀಯ?"

"ಅಂಗೇ ಯೋಳ್ಬೇಕಂತೆ ಮಿಸ್. ಇಲ್ದಿದ್ರೆ ಇದು ಎದ್ದೇಳಲ್ವಂತೆ. ಅಕ್ಕ ಯೋಳ್ಕೊಟ್ಳು. ಅಕ್ಕಂಗೆ ಇನ್ನೊಬ್ಳು ಅಕ್ಕ ಯೋಳ್ಕೊಟ್ಟಿದ್ಳಂತೆ."

ಇನ್ನು ಯಾರೂ ಹಾಗೆ ಹೇಳಕೂಡದೆಂದು ಗದರಿದೆ. ಮಾತು ನಿಂತಿತು. ಆದರೆ ಬಾಯಿ ಮುಚ್ಚಿಕೊಂಡೇ ಕಿವಿಯಿಡುತ್ತಿದ್ದರು. ಎಲ್ಲರಿಂದಲೂ ಆ ಸುಯ್ ಶಬ್ದ ಮಾತ್ರ ಬರುತ್ತಿತ್ತು. ಅದನ್ನು ಕೇಳುವುದು ಇನ್ನೂ ಕಷ್ಟವಾಯಿತು.

ಒಂದು ದಿನ ತೀರಿಕೊಂಡವಳ ತಾಯಿ ಚಿಕ್ಕ ಮಗಳನ್ನು ಶಾಲೆಗೆ ಸೇರಿಸಲು ಬಂದರು. ನನ್ನ ಜೊತೆ ಹಜಾರ ದಾಟುವಾಗ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಆ ಸುಯ್ ಕೇಳಿ ನಿಂತುಬಿಟ್ಟರು.

"ಒಳಗೆ ಯಾರಿದಾರೆ ಮಿಸ್?"

"ಮಕ್ಕಳು ಕಣಮ್ಮ."

ಅವರು ಒಳಗೆ ಹೋಗಿ ಒಂದೊಂದೇ ಮುಖ ನೋಡಿದರು. ಮೂರನೇ ತರಗತಿಯವಳ ಪಕ್ಕ ನೆಲದ ಮೇಲೆ ಕುಳಿತು, "ನಿಂಗೆ ದಮ್ಮು ಐತಾ ಮಗಾ?" ಅಂದರು.

"ಇಲ್ಲ ಕಣಮ್ಮ, ನಂಗೇನಿಲ್ಲ."

"ಮತ್ತೆ ಇದೇನು?"

ಹುಡುಗಿ ನನ್ನ ಮುಖ ನೋಡಿದಳು. ಹೇಳು ಎಂದು ತಲೆಯಾಡಿಸಿದೆ. ಅವಳು ಕಿವಿಯಿಟ್ಟು ಪೂರ್ತಿ ಹೇಳಿದಳು. ತಾಯಿ ಕಣ್ಣು ಮುಚ್ಚಿ ಕೇಳಿದರು.

"ಅಷ್ಟು ಜೋರಾಗಲ್ಲ," ಅಂದರು. "ಇನ್ನೂ ಮೆಲ್ಲಗೆ."

ಹುಡುಗಿ ಇನ್ನೂ ಮೆಲ್ಲಗೆ ಉಸಿರೆಳೆದು ಮತ್ತೆ ಹೇಳಿದಳು. ತಾಯಿ ಹೌದೆನ್ನುವಂತೆ ತಲೆಯಾಡಿಸಿ, ಎದ್ದು, ಚಿಕ್ಕ ಮಗಳ ಅರ್ಜಿಗೆ ಸಹಿ ಹಾಕಿ ಹೊರಟರು.

ಆಮೇಲೆ ನಾನು ಯಾರನ್ನೂ ತಡೆಯಲಿಲ್ಲ. ಆದರೆ ವರ್ಗವಾಗುವವರೆಗೂ ಆ ಕೋಣೆಯಲ್ಲಿ ಒಬ್ಬಳೇ ಕೂರಲಿಲ್ಲ.